ಮಿರ್ಚಿ ಖರ್ಚಿಗೆ ಕಲಂ ಯಾವುದು?

ಬಳ್ಳಾರಿ ಬಳಿಯ ಸಂಗನಕಲ್ಲಿನ ಹಿರೇಗುಡ್ಡದಲ್ಲಿ ಸುಮಾರು 3,500 ವರ್ಷಗಳ ಹಿಂದೆ ಕಲ್ಲುಕೊಡಲಿ ಮಾಡುತ್ತಿದ್ದವರು ಪುಣ್ಯವಂತರು. ಡಾಲರೈಟ್ ಕಲ್ಲು ಗುಡ್ಡದಲ್ಲೇ ಪುಕ್ಕಟೆ, ರಸೀದಿ ಕೇಳುವವರಿಲ್ಲ.

ಅದೇ ಊರಲ್ಲಿ ಕೂತು ಅಪರೂಪಕ್ಕೊಮ್ಮೆ ಅನುವಾದ ಮಾಡಿಕೊಡುವ ನಾನು ಆದಾಯ ತೆರಿಗೆ ಲೆಕ್ಕಕ್ಕೆ ಬಳ್ಳಾರಿಯ ಆಡಿಟರ್ ಮುಂದೆ ಬಿಲ್ಲುಗಳ ಕಂತೆ ಬಿಚ್ಚಬೇಕು.

"ಇದೇನ್ರೀ?"

"ಒಗ್ಗರಣೆ ಮಂಡಕ್ಕಿ, ಮಿರ್ಚಿ ಸಾರ್. ತಿನ್ನದಿದ್ರೆ ಅನುವಾದ ಮುಂದಕ್ಕೆ ಹೋಗಲ್ಲ."

"ಅನುವಾದ ಇಲ್ಲದ ದಿನ ತಿನ್ನಲ್ಲೇನು?"

ಇಂಥ ಪ್ರಶ್ನೆ ಕೇಳಲೆಂದೇ ಸಿಎ ಪರೀಕ್ಷೆಯನ್ನು ಅಷ್ಟು ಕಷ್ಟ ಮಾಡಿದ್ದಾರೆ.

ಬಿಡಿ ಗಳಿಕೆ 'ಇತರ ಮೂಲಗಳ ಆದಾಯ'ಕ್ಕೆ ಸೇರಿದರೂ, ಆ ಗಳಿಕೆಗೆಂದೇ ಮಾಡಿದ ಖರ್ಚನ್ನು ಕಳೆಯಬಹುದು. ಪ್ರಿಂಟು, ಕೊರಿಯರ್, ಇಂಟರ್ನೆಟ್ಟಿನಲ್ಲಿ ಕೆಲಸದ ಪಾಲು ಸೈ. ಬಳ್ಳಾರಿ ಬಿಸಿಲಿಗೆ ತಂದ ಕೂಲರ್? ಅದು ಬಂಡವಾಳ ವೆಚ್ಚ, ನಡೆಯದು. ಸಾಲದ್ದಕ್ಕೆ ಗಾಳಿ ಅತ್ತೆಯವರ ಕಡೆಗೇ ಬೀಸುತ್ತದೆ.

ವಕೀಲರು, ವೈದ್ಯರು, ಎಂಜಿನಿಯರುಗಳಿಗೆ ಈ ಗೋಳಿಲ್ಲ. ವರ್ಷದ ಫೀಸು 50 ಲಕ್ಷ ದಾಟದಿದ್ದರೆ, ಆದಾಯ ತೆರಿಗೆ ಕಾಯ್ದೆಯಡಿ ಅರ್ಧವನ್ನು ಲಾಭವೆಂದು ತೋರಿಸಿದರಾಯಿತು. ಉಳಿದರ್ಧದಲ್ಲಿ ಮಿರ್ಚಿ ಎಷ್ಟೆಂದು ಯಾರೂ ಕೇಳರು. ಈ ಸವಲತ್ತಿರುವ ವೃತ್ತಿಗಳ ಪಟ್ಟಿಯಲ್ಲಿ ಅನುವಾದಕನ ಹೆಸರಿಲ್ಲ.

"ನಿಮ್ಮ ಫೀಸಾದ್ರೂ ಖರ್ಚಿಗೆ ಹಾಕಬಹುದಾ ಸಾರ್?"

"ಮೊದ್ಲು ಕೊಡ್ರಿ, ಆಮೇಲೆ ನೋಡೋಣ."