ಪಾರ್ಕಿಂಗ್ ಹುಡುಗನ ಅಂಗಿ ಅನಬ್ಯಾಡ್ರಿ!

ಬೈಕಿನ ಸಾಮಾನು ಮಾರುವ ಅಂಗಡಿಯಲ್ಲಿ ಕೇಳಿದರೆ ಕರಿ ಜಾಕೀಟು, ಕರಿ ಹೆಲ್ಮೆಟ್ಟು, ಕರಿ ಕೈಗವಸು ತೋರಿಸುತ್ತಾರೆ. ಕತ್ತಲಲ್ಲಿ ಕಾಣುವಂಥದ್ದು ಬೇಕೆಂದವರನ್ನು ಹಾರ್ಡ್‌ವೇರ್ ಅಂಗಡಿಗೆ ಅಟ್ಟುತ್ತಾರೆ. ಹುಬ್ಬಳ್ಳಿಯ ಅಂಥದೊಂದು ಅಂಗಡಿಯಲ್ಲಿ, ಗಮ್‌ಬೂಟಿಗೂ ಸಿಮೆಂಟು ಬುಟ್ಟಿಗೂ ನಡುವೆ ನೇತಾಡುತ್ತಿದ್ದ ರಿಫ್ಲೆಕ್ಟರ್ ಜಾಕೀಟು ಮಾತಿಗೆ ಸಿಕ್ಕಿತು.

ನಾನು: ನಮಸ್ಕಾರ್ರಿ. ನೀವು ಇಲ್ಲಿ, ಗಮ್‌ಬೂಟಿನ ಸಂಗಾಟ?

ಜಾಕೀಟು: ಮತ್ತೆಲ್ಲಿ ಹೋಗ್ಲಿ? ಬೈಕಿನ ಹುಡುಗೂರು ಒಮ್ಮೆ ಹಾಕ್ಕೊಂಡು ಕನ್ನಡ್ಯಾಗ ನೋಡ್ಕೋತಾರ. ಬಾಜೂಕಿನ ಗೆಳ್ಯಾ, ‘ಲೇ, ಕಲ್ಯಾಣ ಮಂಟಪದ ಮುಂದ ಗಾಡಿ ಹಚ್ಚಸಾಂವ ಕಂಡಂಗ ಕಾಣ್ತೀಯಲೇ’ ಅಂತಾನ. ಮುಗೀತು ನನ್ನ ಸಂಸಾರ.

ನಾನು: ಪಾಪ. ಅಂದಂಗ, ನಮ್ಮ ಹುಬ್ಬಳ್ಳಿ-ಧಾರವಾಡದ ಬಿಆರ್‌ಟಿಎಸ್ ಬಸ್ಸಿನ ದಾರಿ ಬಗ್ಗೆ ಏನಂತೀರಿ? 2020ರಾಗ ಉದ್ಘಾಟನೆ ಆತು. ಸುಮಾರು 22 ಕಿಲೋಮೀಟರ್ ರಸ್ತೆದ ನಡುಮನಿ ಚಿಗರಿ ಬಸ್ಸಿಗೆ ಕೊಟ್ಟು ನಮ್ಮನ್ನ ಕಟ್ಟಿಗೆ ಕುಂಡ್ರಿಸ್ಯಾರ...

ಜಾಕೀಟು: ನನಗ ಬಸ್ಸಿನ ಸುದ್ದಿ ಬ್ಯಾಡ. ನಕಲಿಯವರ ಸುದ್ದಿ ಬರೀರಿ. ಬೂದಿಬಣ್ಣದ ಪಟ್ಟಿ ಹೊಲದ್ರ ನಾನು ಆಗ್ತಾರೇನ್ರಿ? ನನ್ನ ಪಟ್ಟ್ಯಾಗ ಕಣ್ಣಿಗೆ ಕಾಣದಷ್ಟು ಸಣ್ಣ ಗಾಜಿನ ಮಣಿ ಅದಾವು. ಬೆಳಕು ಬಂದ ದಿಕ್ಕಿಗೇ ತಿರುಗಿ ಡ್ರೈವರನ ಕಣ್ಣಿಗೆ ಹೋಗ್ತೈತಿ. ಹಳದಿ ಬಟ್ಟಿ ಹಗಲಿಗೆ, ಪಟ್ಟಿ ರಾತ್ರಿಗೆ. ನಮಗೂ ಐಎಸ್ 15809 ಅಂತ ಮಾನಕ ಐತಿ. ಹೆಲ್ಮೆಟ್ಟಿಗೆ ಐಎಸ್‌ಐ ಗುರುತು ಹುಡುಕಾಂವ ನನ್ನ ಮುಂದ ನಿಂತು ರೇಟು ಅಷ್ಟ ಕೇಳ್ತಾನ.

ನಾನು: ಖರೇ ಯಾವುದು, ಖೊಟ್ಟಿ ಯಾವುದು, ಹೆಂಗ ಗೊತ್ತಾಗಬೇಕು?

ಜಾಕೀಟು: ಕತ್ತಲ್ಯಾಗ ದೂರ ನಿಂತು ಮೊಬೈಲ್ ಟಾರ್ಚು ಕಣ್ಣಿನ ಬಾಜೂಕ ಹಿಡದು ನೋಡ್ರಿ. ಖರೇದು ಭಗ್ ಅಂತ ಹೊಳೀತೈತಿ. ಖೊಟ್ಟಿ ಬೂದಿ ಬೂದಿನ ಉಳೀತೈತಿ.

ನಾನು: ಹಾಕ್ಕೊಂಡ್ರ ಉಪಯೋಗ ಐತೇನ್ರಿ?

ಜಾಕೀಟು: ನ್ಯೂಜಿಲೆಂಡಿನ ಆಕ್ಲಂಡದಾಗ ಬೈಕಿನವರನ್ನ ಅಭ್ಯಾಸ ಮಾಡಿ 2004ರಾಗ ಅಚ್ಚು ಹಾಕಿಸ್ಯಾರ. ಹೊಳಿಯೂ ಬಟ್ಟಿ ಹಾಕ್ಕೊಂಡವರಿಗೆ ಅಪಘಾತದ ಅಪಾಯ ಶೇ. 37 ಕಡಿಮಿ ಕಂಡೈತಿ. ಬಿಳಿ ಹೆಲ್ಮೆಟ್ಟಿಗೂ ಶೇ. 24. ಫ್ರಾನ್ಸಿನಾಗ 2016ರಿಂದ ಬೈಕಿನವ್ರು ನನ್ನ ಜೋಡಿ ಇಟ್ಕೊಳ್ಳಾಕಬೇಕು.

ನಾನು: ಆಕ್ಲಂಡದಾಗೂ ಬಸ್ಸಿಗೆ ಬ್ಯಾರೆ ದಾರಿ ಐತಂತ. ಅಲ್ಲಿ ಬೈಕಿನವ್ರು...

ಜಾಕೀಟು: ಮತ್ತ ಬಸ್ಸು! ಕಬ್ಬಿನ ಸುಗ್ಗಿಯಾಗ ರಾತ್ರಿ ಹಳಿಯಾಳ ರಸ್ತೆದಾಗ ಹೋಗೀರೇನು? ಒಂದು ಟ್ರ್ಯಾಕ್ಟರು, ಎರಡು ಟ್ರೇಲರು. ಹಿಂದ ದೀಪಿಲ್ಲ. ರಿಫ್ಲೆಕ್ಟರ್ ಇದ್ರೂ ಜೋತುಬಿದ್ದ ಕಬ್ಬು ಮುಚ್ಚಿರ್ತೈತಿ. ಕೆಟ್ಟು ನಿಂತ್ರ ಎರಡು ಕಲ್ಲಿಟ್ಟು ಹೊಂಟಬಿಡ್ತಾರ. ಎದುರಿನ ಕಾರಿನ ಹೈಬೀಮು ಕಣ್ಣಿಗೆ ಹೊಡದಾಗ ಬೈಕಿನಾಂವಗ ಆ ಟ್ರೇಲರು ಕಾಣೂದಿಲ್ಲ. ನಾನು ಅವನ ಬೆನ್ನಿಗೆ ಎಷ್ಟು ಹೊಳದ್ರ ಏನ್ರಿ? ನಾನು ಹಿಂದಿನವರಿಗೆ ಅವನನ್ನ ತೋರಸ್ಬಲ್ಲೆ, ಅವನಿಗೆ ಮುಂದಿನದನ್ನ ತೋರಸಲಾರೆ. ಸತ್ತ ಮ್ಯಾಲೆ ‘ಹೆಲ್ಮೆಟ್ ಹಾಕಿದ್ನೋ ಇಲ್ಲೋ’ ಅಂತ ಊರೆಲ್ಲಾ ಕೇಳ್ತೈತಿ. ಟ್ರೇಲರಿಗೆ ದೀಪ ಇತ್ತೋ ಇಲ್ಲೋ ಅಂತ ಒಬ್ಬಾಂವ ಕೇಳೂದಿಲ್ಲ. ಸುಗ್ಗಿಗೊಮ್ಮೆ ಸ್ಟಿಕರ್ ಹಚ್ಚಿ ಫೋಟೋ ತಗಸ್ತಾರ. ಹೊಲದ ಕೆಸರು ಮೆತ್ತಿದ ಮ್ಯಾಲೆ ಆ ಸ್ಟಿಕರನ್ನ ಯಾರೂ ಒರಸೂದಿಲ್ಲ. ಮಾಡೂದು ಮನಸ್ಸಿದ್ರ ಸರಳ ಐತಿ: ಹಿಂದ ದೀಪ ಇಲ್ಲದ ಗಾಡೀನ್ನ ಫ್ಯಾಕ್ಟರಿ ತೂಕದ ಕಟ್ಟಿ ಹತ್ತಿಸಬಾರದು. ಮರುದಿನ ಎಲ್ಲಾ ಟ್ರೇಲರಿಗೂ ದೀಪ ಬರ್ತಾವು. ಯಾಕಂದ್ರ ಆವಾಗ ಹೋಗೂದು ಜೀವ ಅಲ್ಲ, ರೊಕ್ಕ.

ನಾನು: ...

ಜಾಕೀಟು: ಸುಮ್ಮನ್ಯಾಕಾದ್ರಿ? ಕೇಳ್ರಿ.

ನಾನು: ಕಡೀ ಪ್ರಶ್ನೆ. ಚಿಗರಿ ದಾರ್‍ಯಾಗ ಬೈಕಿಗೂ ಬಿಟ್ಟ್ರ ಹೆಂಗ?

ಜಾಕೀಟು: ಬಿಡೂತನಕ ತಡೀಬ್ಯಾಡ್ರಿ, ಇವತ್ತ ನುಗ್ರಿ. ನನ್ನ ಮಾತ್ರ ಹಾಕ್ಕೊಂಡು ಹೋಗ್ರಿ, ಪೊಲೀಸರಿಗೆ ಹಿಡಿಯಾಕ ಸುಲಭ ಆಗ್ತೈತಿ.