ಜಗಳೂರು ಸೀಮೆಯ ಗೃಹಗಣಕ ದುರಸ್ತಿಯ ತಾತ್ವಿಕ ನೆಲೆಗಳು: ಒಂದು ಮರುಶೋಧ

ಅಧ್ಯಾಯ ಒಂದು: ವ್ಯಾಪ್ತಿ, ಮಿತಿ ಮತ್ತು ಮಿತಿಯ ವ್ಯಾಪ್ತಿ

ಜಗಳೂರು ತಾಲ್ಲೂಕು 1997ರವರೆಗೆ ಚಿತ್ರದುರ್ಗ ಜಿಲ್ಲೆಯಲ್ಲಿತ್ತು, ಆಮೇಲೆ ದಾವಣಗೆರೆಗೆ ಸೇರಿತು. ಇದಕ್ಕೂ ಪ್ರಸ್ತುತ ಅಧ್ಯಯನಕ್ಕೂ ಯಾವ ಸಂಬಂಧವೂ ಇಲ್ಲ. ಆದರೂ ಪ್ರಾದೇಶಿಕ ಚಹರೆಗಳನ್ನು ಗುರುತಿಸದೆ ಪ್ರಬಂಧ ಆರಂಭಿಸಕೂಡದೆಂಬ ವಿದ್ವತ್ ಶಿಸ್ತಿಗೆ ತಲೆಬಾಗಿ ದಾಖಲಿಸಲಾಗಿದೆ. ಟಿ.ವಿ. ಸ್ಟ್ಯಾಂಡಿನ ಪಕ್ಕ, ಒಂದು ಮಗ್ಗುಲಿನ ತಗಡು ಬಿಚ್ಚಿಕೊಂಡು ಕೂತಿರುವ ಹಳೇ ಕಂಪ್ಯೂಟರನ್ನು ಬರೀ ಯಂತ್ರವೆಂದು ಬಗೆಯುವುದು ವಸಾಹತುಶಾಹಿ ಗ್ರಹಿಕೆ. ಅದೊಂದು ಪಠ್ಯ, ಒಂದು ಸಂಕಥನ, ಆಧುನಿಕತೆಯೊಡನೆ ದೇಸಿಯು ನಡೆಸಿದ ಅನುಸಂಧಾನದ ಬಹುಮುಖಿ ಆಯಾಮ. ಅದು ಆನ್ ಆಗುವುದಿಲ್ಲ ಎಂಬುದು ಆ ಆಯಾಮಗಳಲ್ಲಿ ಒಂದು.

ಅಧ್ಯಾಯ ಎರಡು: ವರ್ಗೀಕರಣದ ತಾತ್ವಿಕತೆ

ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿಯು ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದ (35), ಅತಿ ಹಿಂದುಳಿದ (40), ಅತ್ಯಂತ ಹಿಂದುಳಿದ (39) ಎಂದು ವಿಂಗಡಿಸಿತು. ಹಿಂದುಳಿಯುವುದರಲ್ಲೂ ತರತಮವುಂಟೆಂದು ತೋರಿಸಿಕೊಟ್ಟ ಆ ಮಾದರಿಯನ್ನೇ ಇಲ್ಲಿ ಕಂಪ್ಯೂಟರುಗಳಿಗೆ ಅನ್ವಯಿಸಲಾಗಿದೆ.

ಹಿಂದುಳಿದ ಗಣಕ ಆನ್ ಆಗುತ್ತದೆ. ಇದು ಯಾವ ವರ್ಷವೆಂದು ಮಾತ್ರ ಅದಕ್ಕೆ ಗೊತ್ತಿರುವುದಿಲ್ಲ. ಮದರ್‌ಬೋರ್ಡಿನ ಮೇಲಿನ ಸಿಆರ್2032 ಸೆಲ್ಲು (ಅಗಲ 20 ಮಿ.ಮೀ., ದಪ್ಪ 3.2, ಅದನ್ನೇ ಹೆಸರಿನಲ್ಲಿ ಬರೆದಿದ್ದಾರೆ) ಸತ್ತಿರುತ್ತದೆ. ತಾರೀಖು ಯಾವುದೋ ಕಾಲದ ಜನವರಿ 1ಕ್ಕೆ ಹೋಗಿರುತ್ತದೆ. ಬ್ಯಾಂಕಿನ ಸೈಟು ತೆರೆದರೆ, ಇದರ ಪ್ರಮಾಣಪತ್ರ ಇನ್ನೂ ಜಾರಿಗೇ ಬಂದಿಲ್ಲವೆಂದು ಬ್ರೌಸರು ಹೆದರಿಸುತ್ತದೆ. ಈ ವಿದ್ಯಮಾನವನ್ನು ‘ಕಾಲಪ್ರಜ್ಞೆಯ ಸ್ಥಾನಪಲ್ಲಟ’ ಎನ್ನೋಣ. ಸೆಲ್ಲು ವಾಚ್ ರಿಪೇರಿ ಅಂಗಡಿಯಲ್ಲಿ ಸಿಗುತ್ತದೆ.

ಅತಿ ಹಿಂದುಳಿದ ಗಣಕದಲ್ಲಿ ಫ್ಯಾನು ತಿರುಗುತ್ತದೆ, ಪರದೆ ಕಪ್ಪಗಿರುತ್ತದೆ, ಒಳಗಿನಿಂದ ಬೀಪ್ ಬೀಪ್ ಎಂಬ ಆರ್ತನಾದ. ಇಲ್ಲಿ ರ‍್ಯಾಮ್ ಕಿತ್ತು, ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ಮಕ್ಕಳ ರಬ್ಬರಿನಿಂದ ಉಜ್ಜಿ, ರಬ್ಬರಿನ ಪುಡಿ ಊದಿ, ಎರಡೂ ಕಡೆ ಕ್ಲಿಪ್ಪು ಟಕ್ಕೆನ್ನುವಂತೆ ಒತ್ತಿ ಕೂರಿಸಬೇಕು. ಅಳಿಸುವ ರಬ್ಬರಿನಿಂದಲೇ ಕಳೆದ ಸ್ಮೃತಿ ಮರಳುವ ಈ ವಿರೋಧಾಭಾಸದ ಮೇಲೆ ರಾಷ್ಟ್ರೀಯ ವಿಚಾರ ಸಂಕಿರಣ ಮಾಡಬಹುದು. ಊಟದ ಅನುದಾನ ಬಂದರೆ ಎರಡು ದಿನದ್ದು.

ಅತ್ಯಂತ ಹಿಂದುಳಿದ ಗಣಕದ ಎಸ್‌ಎಂಪಿಎಸ್ ಎಂಬ ಕರೆಂಟಿನ ಡಬ್ಬಿಯಲ್ಲಿ ಹಲ್ಲಿ ಸತ್ತಿದೆ.

ಉಪವರ್ಗಗಳು ಇನ್ನೂ ಬೇಕಾದಷ್ಟಿವೆ. ನನಗೇ ಬೇಜಾರು ಬಂತು, ಬಿಡಿ.

ಅಧ್ಯಾಯ ಮೂರು: ಸ್ಪರ್ಶಮೀಮಾಂಸೆ

ಬರಿಗಾಲಲ್ಲಿ ನಿಂತು ಕೇಸಿನ ತಗಡು ಮುಟ್ಟಿದರೆ ಕೈ ಜುಂ ಅನ್ನುತ್ತದೆ. ಇದನ್ನು ‘ಸ್ವ ಮತ್ತು ಅನ್ಯದ ಮುಖಾಮುಖಿ’ ಎಂದು ಓದುವ ಸಾಧ್ಯತೆ ಇದೆ. ಹಾಗೆ ಓದುವವರು ಮೊದಲು ಒಮ್ಮೆ ಮುಟ್ಟಿ ನೋಡಲಿ.

ವಿಷಯ ಇಷ್ಟೇ. ಎಸ್‌ಎಂಪಿಎಸ್‌ನ ಬಾಯಲ್ಲೇ ಎರಡು ಸಣ್ಣ ಕೆಪ್ಯಾಸಿಟರುಗಳಿರುತ್ತವೆ, ಒಂದು ಫೇಸಿನಿಂದ ತಗಡಿಗೆ, ಇನ್ನೊಂದು ನ್ಯೂಟ್ರಲ್‌ನಿಂದ ತಗಡಿಗೆ. ಅರ್ಥಿಂಗ್ ಇದ್ದರೆ ಸೋರುವ ಅಷ್ಟಿಷ್ಟು ಕರೆಂಟು ನೆಲಕ್ಕಿಳಿಯುತ್ತದೆ. ಇಲ್ಲದಿದ್ದರೆ ತಗಡು 230ರ ಅರ್ಧಕ್ಕೆ, ಸುಮಾರು 115 ವೋಲ್ಟಿಗೆ ತೇಲುತ್ತಿರುತ್ತದೆ. ಕರೆಂಟು ತೀರಾ ಕಡಿಮೆಯಾದ್ದರಿಂದ ಜುಂ ಅಂದು ಬಿಡುತ್ತದೆ. ಆದರೆ ಒಳಗಿನ ಇನ್ಸುಲೇಷನ್ ಹೋದ ದಿನ ಹಾಗೆ ಬಿಡುವುದಿಲ್ಲ.

ನಮ್ಮ ಮನೆಯ ಸ್ವಿಚ್ ಬೋರ್ಡಿನಲ್ಲಿ ಮೂರು ತೂತುಗಳಿವೆ. ಸ್ಕ್ರೂ ಬಿಚ್ಚಿ ಹಿಂದೆ ನೋಡಿದರೆ ಎರಡೇ ತಂತಿ. ಮೂರನೆಯ ಹಿತ್ತಾಳೆ ಕಿವಿ ಹೊಸದರಂತೆ ಥಳಥಳ ಹೊಳೆಯುತ್ತಿದೆ, ಯಾವ ತಂತಿಯೂ ಅದನ್ನು ಒಂದು ದಿನವೂ ಮುಟ್ಟಿಲ್ಲ. ಹಸಿರು ತಂತಿಯ ದುಡ್ಡು ಉಳಿಸಿದ ಪುಣ್ಯಾತ್ಮ ಬಿಲ್ಲಿನಲ್ಲಿ ಮಾತ್ರ ಅದನ್ನು ಬರೆದಿದ್ದ. ಇಂಥ ಬೋರ್ಡುಗಳು ಊರ ತುಂಬ ಇವೆ. ಅವುಗಳಿಗೆ ಕಂಪ್ಯೂಟರು, ಫ್ರಿಜ್ಜು, ಕೂಸಿಗೆ ನೀರು ಕಾಯಿಸುವ ಹೀಟರು ಎಲ್ಲ ಸಿಕ್ಕಿಸುತ್ತೇವೆ. ಕಂಪ್ಯೂಟರ್ ಬಗೆಗಿನ ಕನ್ನಡ ಪುಸ್ತಕ ತೆರೆದರೆ ಚಾರ್ಲ್ಸ್ ಬ್ಯಾಬೇಜ್ ಎದ್ದು ಬರುತ್ತಾನೆ. ಹಿಂದೆಯೇ 1946ರ ಎನಿಯಾಕ್, ಅದರ ಸುಮಾರು 18,000 ವಾಲ್ವುಗಳು, ಐದು ತಲೆಮಾರು. ನಾನು ಓದಿದ ಒಂದೇ ಒಂದು ಪುಸ್ತಕದಲ್ಲೂ, ಬೋರ್ಡಿನ ಹಿಂದೆ ಮೂರನೇ ತಂತಿ ಇದೆಯೇ ನೋಡಪ್ಪಾ ಎಂಬ ಸಾಲಿಲ್ಲ. ಕನ್ನಡವನ್ನು ಪರದೆಯ ಮೇಲೆ ತಂದವರು ಸಂಕಿರಣ ನಡೆಸಿದವರಲ್ಲ. ಕೆ.ಪಿ. ರಾವ್ ಕೂತು ಕನ್ನಡ ಕೀಲಿಮಣೆ ಹೊಂದಿಸಿದರು, ಶೇಷಾದ್ರಿವಾಸು 1998ರಲ್ಲಿ ‘ಬರಹ’ ತಂತ್ರಾಂಶ ಕೊಟ್ಟರು. ಕೈ ಕೆಸರು ಮಾಡಿಕೊಂಡವರ ಮೇಲೆ ಉಳಿದವರು ಪ್ರಬಂಧ ಬರೆದರು, ಬಡ್ತಿ ಪಡೆದರು.

ಅಧ್ಯಾಯ ನಾಲ್ಕು

(ಶೀರ್ಷಿಕೆ ಹೊಳೆಯಲಿಲ್ಲ.)

ಕಡೆಗೆ ಆ ಮೂರನೇ ತಂತಿ ಎಳೆಸಿ, ಅರ್ಥಿಂಗಿಗೆ ಹಿತ್ತಿಲಲ್ಲಿ ಗುಂಡಿ ತೋಡಿಸಿ, ಇದ್ದಿಲು-ಉಪ್ಪು ಪದರ ಪದರವಾಗಿ ತುಂಬಿ ಪೈಪು ಹೂಳಿಸಿದ್ದಾಯಿತು. ಮಳೆಗಾಲದಲ್ಲಿ ತಗಡು ತೆಪ್ಪಗಿತ್ತು. ಫೆಬ್ರವರಿ ಕಳೆಯುತ್ತಲೇ ಮತ್ತೆ ಜುಂ. ವೈರ್‌ಮನ್ ಬಂದು ಫೇಸಿಗೂ ಅರ್ಥಿಗೂ ನಡುವೆ ಬಲ್ಬು ಸಿಕ್ಕಿಸಿದ. ಒಳಗಿನ ಎಳೆ ಬೀಡಿ ತುದಿಯಷ್ಟು ಕೆಂಪಗಾಯಿತು, ಅಷ್ಟೇ. ‘ನೆಲ ಒಣಗೇತಿ ಸಾರ್, ನೀರು ಹೊಯ್ರಿ’ ಅಂದ.

ಜಗಳೂರಿನಲ್ಲಿ, ಬೇಸಿಗೆಯಲ್ಲಿ, ನೆಲಕ್ಕೆ ನೀರು ಹೊಯ್ಯಬೇಕು. ಕೊಡ ಎತ್ತಿಕೊಂಡು ಹೊರಟಾಗ ಅವ್ವ ಬಾಗಿಲಲ್ಲೇ ತಡೆದಳು. ‘ಕುಡಿಯಾಕೆ ಟ್ಯಾಂಕರ್ ಕಾಯ್ತೀವಿ, ನಿನ್ನ ಕಂಪ್ಯೂಟರಿಗೆ ಬ್ಯಾರೆ ನೀರು ಬೇಕಾತಾ?’

ಇದಕ್ಕೆ ನನ್ನ ಯಾವ ಪರಿಭಾಷೆಯಲ್ಲೂ ಉತ್ತರವಿರಲಿಲ್ಲ. ತುಂಗಭದ್ರೆಯಿಂದ ನೀರೆತ್ತಿ ತಾಲ್ಲೂಕಿನ 57 ಕೆರೆ ತುಂಬಿಸುವ ಯೋಜನೆ ಕೇಳಿ ಬಂದದ್ದು ತೀರಾ ಈಚೆಗೆ. ಅವ್ವನ ತಲೆಮಾರು ತಲೆಯ ಮೇಲೆ ಹೊತ್ತು ತಂದ ನೀರಿಗೆ ಯಾರೂ ಸಮಿತಿ ಮಾಡಲಿಲ್ಲ. ಆ ಹೆಂಗಸರ ಕುತ್ತಿಗೆ ನೋವು ಯಾವ ವರದಿಯ ಯಾವ ಕೋಷ್ಟಕದಲ್ಲೂ ಬಂದಂತಿಲ್ಲ. ಅವಳ ಎದುರು ಕೊಡ ಇಳಿಸಿದೆ.

ಸಂಜೆ ನೋಡಿದರೆ ಅವಳೇ ಬಚ್ಚಲ ನೀರಿನ ಕಾಲುವೆಯನ್ನು ಗುದ್ದಲಿಯಿಂದ ಕೆರೆದು, ದಾಸವಾಳದ ಬುಡ ದಾಟಿಸಿ, ಅರ್ಥಿಂಗ್ ಗುಂಡಿಗೆ ತಿರುಗಿಸಿದ್ದಳು. ಮಿಂದ ನೀರು, ಪಾತ್ರೆ ತೊಳೆದ ನೀರು, ಯಾವುದಾದರೂ ನಡೆಯುತ್ತದೆ. ನೆಲ ತೇವವಿದ್ದರೆ ಸಾಕು. ಮೂರು-ನಾಲ್ಕು ದಿನಕ್ಕೆ ತಗಡು ಸುಮ್ಮನಾಯಿತು.

ಈ ಶೋಧದ ಆಕರವನ್ನು ‘ಅವ್ವ, ಬಚ್ಚಲ ಹಿಂದೆ’ ಎಂದು ನಮೂದಿಸಬಹುದೇ ಎಂದು ಮಾರ್ಗದರ್ಶಕರನ್ನು ಕೇಳಿದೆ. ಪ್ರಕಾಶನ ಯಾವುದು, ಎಷ್ಟನೇ ಮುದ್ರಣ ಎಂದು ಮರುಪ್ರಶ್ನೆ ಹಾಕಿದರು. ಆಮೇಲೆ ದನಿ ತಗ್ಗಿಸಿ, ತಮ್ಮ ಮನೆಯ ಕಂಪ್ಯೂಟರೂ ಜುಂ ಅನ್ನುತ್ತದೆ, ಭಾನುವಾರ ಗುದ್ದಲಿ ತಗೊಂಡು ಬಾ ಅಂದರು.