ನಾಟಾ ಲಾರಿ ಹತ್ತುವ ಹುಡುಗನಿಗೆ

ಏನೋ ತಮ್ಮಾ, ಸೋಮವಾರದಿಂದ ನಾಟಾ ಲಾರಿಗೆ ಹೋಗ್ತೀಯಂತೆ? ನಿಮ್ಮಮ್ಮ ಈಗಷ್ಟೇ ಬೇಲಿ ಹತ್ರ ನಿಂತು ಹೇಳಿದ್ರು. ಹೆವಿ ಲೈಸೆನ್ಸೂ ಬಂತಂತೆ, ಬಹಳ ಸಂತೋಷ. ಬಾ ಇಲ್ಲಿ, ಎರಡು ಮಾತು ಕೇಳಿಸ್ಕೊಂಡು ಹೋಗು.

ಟೆಂಪೋ ಓಡಿಸಿ ಪಳಗಿದವನಿಗೆ ಸ್ಟೇರಿಂಗ್ ಹಿಡಿಯೋದನ್ನ ನಾನೇನು ಹೇಳಿಕೊಡಲಿ? ಆದ್ರೆ ನಾಟಾ ಲಾರೀಲಿ ಡ್ರೈವರ್ ಕೆಲಸ ಶುರುವಾಗೋದು ಲೋಡ್ ಹಾಕುವಾಗಲೇ. ಸಿಮೆಂಟ್ ಚೀಲ ಇಟ್ಟಲ್ಲೇ ಕೂತಿರುತ್ತೆ, ದಿಮ್ಮಿ ಉರುಳುತ್ತೆ. ಹಾಗಾಗಿ ಡಿಪೋದಲ್ಲಿ ಲೋಡ್ ಆಗೋವಾಗ ಚಾ ಅಂಗಡಿ ಕಡೆ ಹೋಗಬೇಡ, ಅಲ್ಲೇ ನಿಂತು ನೋಡು. ದಪ್ಪ ದಿಮ್ಮಿ ಅಡಿಗೆ, ಸಪೂರದ್ದು ಮೇಲೆ. ಬುಡದ ಕಡೆ ಭಾರ ಜಾಸ್ತಿ, ಎಲ್ಲಾ ಬುಡವೂ ಒಂದೇ ಬದಿಗೆ ಬರದ ಹಾಗೆ ಹೇಳಿ ಹಾಕಿಸು. ತೊಗಟೆ ಸುಲಿದ ನೀಲಗಿರಿ ಮೇಲೆ ನಾಲ್ಕು ಹನಿ ಮಳೆ ಬಿತ್ತೋ, ಸೋಪು ಸವರಿದ ಹಾಗೆ ಜಾರುತ್ತೆ.

ಸರಪಳಿ ಬಿಗಿದಾಯ್ತು ಅಂತ ಒಂದೇ ಓಟಕ್ಕೆ ಹೋಗಿಬಿಡಬೇಡ. ಕಾಡಿನ ಮಣ್ಣು ರಸ್ತೇಲಿ ನಾಲ್ಕೈದು ಕಿಲೋಮೀಟರ್ ಕುಲುಕಾಡಿದ್ರೆ ದಿಮ್ಮಿಗಳು ಒಂದರ ಸಂದಿಗೊಂದು ಇಳಿದು ಕೂರ್ತವೆ, ಸರಪಳಿ ಸಡಿಲ ಬೀಳುತ್ತೆ. ಡಾಂಬರು ರಸ್ತೆ ಸಿಕ್ಕಿದ ಕೂಡಲೇ ಇಳಿದು, ಕೈಯಲ್ಲಿ ಎಳೆದು ನೋಡಿ, ಮತ್ತೆ ಬಿಗಿದುಕೋ.

"ಇನ್ನೆರಡು ದಿಮ್ಮಿ ಹಿಡಿಯುತ್ತೆ ಹಾಕ್ಕೋ" ಅನ್ನೋರು ಇದ್ದೇ ಇರ್ತಾರೆ. ಹಸಿ ಮರಕ್ಕೂ ಒಣಗಿದ ಮರಕ್ಕೂ ತೂಕದಲ್ಲಿ ತುಂಬಾ ವ್ಯತ್ಯಾಸ, ಕಣ್ಣಳತೆ ನಂಬಬೇಡ. ಹತ್ತು ಚಕ್ರದ ಲಾರಿಗೆ ಗಾಡಿ ತೂಕವೂ ಸೇರಿ 28.5 ಟನ್ ಮಿತಿ. ಮೀರಿದ್ರೆ 20,000 ರೂಪಾಯಿ ದಂಡ, ಮೇಲಿನ ಒಂದೊಂದು ಟನ್ನಿಗೂ 2,000. ದಂಡ ಕಟ್ಟಿ ಪಾರಾಗಬಹುದು, ಘಾಟಿಯಲ್ಲಿ ಬ್ರೇಕ್ ಸೋತರೆ ಪಾರಾಗೋದು ಹೇಗೆ? ಹೊರಡೋ ಮೊದಲು ಅರಣ್ಯ ಇಲಾಖೆಯ ಪಾಸಿನಲ್ಲಿರೋ ಗಾಡಿ ನಂಬರು, ದಿಮ್ಮಿ ಮೇಲಿನ ಮುದ್ರೆ ನೀನೇ ತಾಳೆ ನೋಡ್ಕೋ. 1963ರ ಅರಣ್ಯ ಕಾಯ್ದೆಯಲ್ಲಿ ಕಳ್ಳನಾಟಾದ ಜೊತೆ ಲಾರಿಯನ್ನೂ ಮುಟ್ಟುಗೋಲು ಹಾಕೋಕೆ ಅವಕಾಶ ಇದೆ. ಚೆಕ್‌ಪೋಸ್ಟಿನಲ್ಲಿ ಮೊದಲು ಸಿಕ್ಕಿಬೀಳೋನು ಡ್ರೈವರ್.

ಇನ್ನು ಘಾಟಿ. ಯಲ್ಲಾಪುರ ದಾಟಿ ಅಂಕೋಲೆ ಕಡೆ ಅರಬೈಲ್ ಇಳಿಯುವಾಗ ಬ್ರೇಕ್ ಒಂದನ್ನೇ ನೆಚ್ಚಬೇಡ. ಒತ್ತಿ ಒತ್ತಿ ಡ್ರಮ್ ಕಾದರೆ ಆಮೇಲೆ ಎಷ್ಟು ತುಳಿದ್ರೂ ಹಿಡಿಯಲ್ಲ. ಹತ್ತುವಾಗ ಯಾವ ಗೇರೋ ಇಳಿಯುವಾಗಲೂ ಅದೇ ಗೇರು, ಅದನ್ನ ಇಳಿಜಾರು ಶುರುವಾಗೋ ಮೊದಲೇ ಹಾಕ್ಕೋ. ಡೀಸೆಲ್ ಉಳಿಯುತ್ತೆ ಅಂತ ನ್ಯೂಟ್ರಲ್ ಮಾಡೋದಂತೂ ಬೇಡವೇ ಬೇಡ.

ಲೋಡಿನ ಮೇಲೆ ಯಾರನ್ನೂ ಕೂರಿಸಬೇಡ, ಗುರುತಿನವರು ಕೈ ಅಡ್ಡ ಹಾಕಿದ್ರೂ ಸರಿ. 2025ರ ಜನವರಿಯಲ್ಲಿ ಸವಣೂರಿನಿಂದ ಕುಮಟಾ ಸಂತೆಗೆ ಹೊರಟಿದ್ದ ತರಕಾರಿ ಲಾರಿ ಗುಳ್ಳಾಪುರದ ಹತ್ತಿರ ಕಂದಕಕ್ಕೆ ಬಿತ್ತಲ್ಲ, ಅವತ್ತು ಸತ್ತ 10 ಜನ ಹೊಟ್ಟೆಪಾಡಿಗೆ ಹೊರಟ ವ್ಯಾಪಾರಿಗಳು. ತರಕಾರಿ ಲೋಡಿಗೇ ಹಾಗಾದ್ರೆ ದಿಮ್ಮಿ ಲೋಡು ಮಗುಚಿದ್ರೆ ಏನಾದೀತು ಯೋಚನೆ ಮಾಡು.

ನಿದ್ದೆ ಬಂದ್ರೆ ಗಾಡಿ ಬದಿಗೆ ಹಾಕಿ ಮಲಗು. ಮೋಟಾರು ಸಾರಿಗೆ ಕಾರ್ಮಿಕರಿಗೆ ದಿನಕ್ಕೆ 8 ತಾಸು ಅಂತ 1961ರಲ್ಲೇ ಕಾನೂನು ಆಗಿತ್ತು. ಅದನ್ನ ಪಾಲಿಸೋ ಯಜಮಾನ ಸಿಕ್ಕರೆ ನಿನ್ನ ಪುಣ್ಯ. ಸಿಗದಿದ್ರೂ ಕಣ್ಣು ಎಳೆಯುತ್ತೆ ಅಂತ ಗಾಡಿ ನಿಲ್ಲಿಸೋದಕ್ಕೆ ಯಾರ ಅಪ್ಪಣೆಯೂ ಬೇಡ.

ಬೇರೆಯವರು ಹಾಕಿದ ಲೋಡು, ಬೇರೆಯವರು ಬಿಗಿದ ಸರಪಳಿ ಆದ್ರೂ ರಸ್ತೆಗೆ ಇಳಿದ ಮೇಲೆ ಅಷ್ಟೂ ನಿನ್ನ ತಲೆ ಮೇಲೆ. ಹಾಗಿರುವಾಗ ಬೇಡ ಅನ್ನೋ ಅಧಿಕಾರವೂ ನಿನ್ನದೇ. ತಡವಾಯ್ತು ಅಂತ ಬೈದ್ರೆ ಬೈಸ್ಕೋ, ಲೋಡ್ ಸರಿ ಇಲ್ಲ ಅನ್ನಿಸಿದ್ರೆ ಮಾತ್ರ ಯಾರು ಹೇಳಿದ್ರೂ ಗಾಡಿ ತೆಗೀಬೇಡ.